ಗಾಳಿಮಳೆ ನಿಂತ ಮೇಲೆ ಬಿದ್ದದ್ದನ್ನೆಲ್ಲ ಎಲ್ಲಿ ಹಾಕೋದು? ಊರವರು ಸೇರಿ ಕ್ಲೀನ್ ಮಾಡುವ ಕ್ರಮ

ಮಂಗಳೂರು ಉಡುಪಿ ಕಡೆ ಮಳೆ ಹೊಸತಲ್ಲ, ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಸುರಿಯುವ ಜಾಗ ಇದು. ಆದ್ರೆ ಮಳೆ ಜೊತೆ ಗಾಳಿ ಸೇರಿದ್ರೆ ಕಥೆಯೇ ಬೇರೆ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಇಲ್ಲಿ ನೆಲಕ್ಕೆ ಬರಲೂ ಇಲ್ಲ, ಕಡಲಲ್ಲೇ ಹಾದು ಹೋಗಿ ಗುಜರಾತಿಗೆ ಅಪ್ಪಳಿಸಿದ್ದು, ಆದ್ರೂ ಉಳ್ಳಾಲದಿಂದ ಮೇಲಕ್ಕೆ ಕಡಲ ಬದಿ ರಸ್ತೆ ಕಿತ್ತುಹೋಗಿ ತೆಂಗಿನಮರ ಎಲ್ಲ ನೀರುಪಾಲಾಯ್ತು. ಇನ್ನು 2018ರ ಮೇ 29ಕ್ಕೆ ಮಂಗಳೂರು ಮುಳುಗಿದ್ದು, 2020ರ ಸೆಪ್ಟೆಂಬರ್ 20ಕ್ಕೆ ಉಡುಪಿಯಲ್ಲಿ ನೆರೆ ಬಂದದ್ದು, ಅದಕ್ಕೆಲ್ಲ ಚಂಡಮಾರುತದ ಹೆಸರು ಕೂಡ ಇರ್ಲಿಲ್ಲ.

ಗಾಳಿ ಬರುವ ಮೊದಲು ಏನು ಮಾಡ್ಬೇಕು ಅಂತ ಟಿವಿಯವರಿಂದ ಹಿಡಿದು ಎಲ್ಲರೂ ಹೇಳ್ತಾರೆ, ನಿಂತ ಮಾರನೇ ದಿನ ಬೆಳಿಗ್ಗೆ ಅಂಗಳದಲ್ಲಿ ಮುರಿದ ಮಾವಿನಮರ, ಅದರಡಿ ಪಕ್ಕದ ಮನೆಯ ಶೀಟು, ಅದರ ಮೇಲೆ ಕೇಬಲ್ ವೈರು, ಅದರ ಸುತ್ತ ಕೆಸರು ಇರುವಾಗ ಎಲ್ಲಿಂದ ಶುರು ಮಾಡೋದು ಅಂತ ಹೇಳುವವರು ಕಡಿಮೆ. ಈ ಲೇಖನ ಅದಕ್ಕೆ. ಮತ್ತೆ ಮೊದಲೇ ಒಂದು ಮಾತು ಹೇಳಿಬಿಡ್ತೇನೆ, ಉಳಿದದ್ದೆಲ್ಲ ಇದರ ಮೇಲೆಯೇ ನಿಂತದ್ದು: ಬೇರೆ ಬೇರೆ ಮಾಡಿ ಹಾಕಿದ ರಾಶಿಗೆ ಊರಲ್ಲಿ ಗಿರಾಕಿ ಉಂಟು, ಬೆರಕೆ ರಾಶಿಗೆ ಯಾರೂ ಇಲ್ಲ. ಕಟ್ಟಿಗೆ ಬೇಕಾದವರು ಕಟ್ಟಿಗೆ ಒಯ್ತಾರೆ, ಗುಜರಿಯವನು ತಗಡು ಒಯ್ತಾನೆ, ಸೊಪ್ಪು ತೋಟಕ್ಕೆ ಹೋಗ್ತದೆ. ಮೂರನ್ನೂ ಜೆಸಿಬಿಯಲ್ಲಿ ಒಟ್ಟಿಗೆ ಬಳಿದು ಒಂದು ಗುಡ್ಡೆ ಮಾಡಿದ್ರೋ, ಅದು ದೀಪಾವಳಿವರೆಗೂ ಅಲ್ಲೇ ಇರ್ತದೆ.

ಮೊದಲು ಕರೆಂಟು, ಆಮೇಲೆ ಕತ್ತಿ

ಮನೆಯಿಂದ ಹೊರಗೆ ಬಂದ ಕೂಡ್ಲೆ ಕತ್ತಿ ಹಿಡ್ಕೊಂಡು ಮರಕ್ಕೆ ಹೋಗ್ಬೇಡಿ. ಮೊದಲು ತಲೆ ಎತ್ತಿ ನೋಡಿ, ಆಮೇಲೆ ನೆಲ ನೋಡಿ. ತುಂಡಾದ ಲೈನು ನೆಲದಲ್ಲಿ ಬಿದ್ದಿದ್ರೆ ಕಿಡಿ ಹಾರದೇ ಇದ್ರೂ, ಊರಿಡೀ ಕರೆಂಟು ಇಲ್ಲದೇ ಇದ್ರೂ ಅದರಲ್ಲಿ ಕರೆಂಟು ಉಂಟು ಅಂತಲೇ ಲೆಕ್ಕ. ಕನಿಷ್ಠ 10 ಮೀಟರ್ ಆಚೆ ನಿಲ್ಲಿ. ಒದ್ದೆ ನೆಲದಲ್ಲಿ ವೈರು ಮುಟ್ಟದೆಯೂ ಶಾಕ್ ಹೊಡೀತದೆ, ಯಾಕಂದ್ರೆ ವೈರಿಂದ ದೂರ ಹೋದ ಹಾಗೆ ನೆಲದ ವೋಲ್ಟೇಜ್ ಕಡಿಮೆ ಆಗ್ತಾ ಹೋಗ್ತದೆ, ನೀವು ದೊಡ್ಡ ಹೆಜ್ಜೆ ಹಾಕಿದ್ರೆ ಒಂದು ಕಾಲಿಂದ ಇನ್ನೊಂದು ಕಾಲಿಗೆ ಕರೆಂಟು ಹಾಯ್ತದೆ. ಗೊತ್ತಿಲ್ಲದೆ ಹತ್ರ ಹೋಗಿ ಸಿಕ್ಕಿಬಿದ್ರೆ ಎರಡೂ ಪಾದ ಜೋಡಿಸಿ, ನೆಲದಿಂದ ಎತ್ತದೆ ಸ್ವಲ್ಪ ಸ್ವಲ್ಪವೇ ಜಾರಿಸ್ಕೊಂಡು ಹಿಂದೆ ಬನ್ನಿ. ವೈರಿನ ಹತ್ರ ದನ ಕಟ್ಟಿದ್ರೆ ಅದರ ಆಸೆಗೆ ಓಡ್ಬೇಡಿ, ಎಷ್ಟೋ ಜನ ಜೀವ ಕಳ್ಕೊಂಡದ್ದು ಹೀಗೇ, ಮೊದಲು ದನ, ಆಮೇಲೆ ಬಿಡಿಸ್ಲಿಕ್ಕೆ ಹೋದವರು.

ಮೆಸ್ಕಾಂನವರ, ಅಂದ್ರೆ ಕರೆಂಟು ಕಂಪನಿಯವರ ನಂಬರ್ 1912. ಗಾಳಿ ಬಂದ ದಿನ ಸಿಗೋದು ಕಷ್ಟ ಮಾರಾಯ್ರೆ, ಎಲ್ಲರೂ ಅದಕ್ಕೇ ಹೊಡೀತಾರೆ. ಹಾಗಾಗಿ ನಿಮ್ಮ ಸೆಕ್ಷನ್ ಆಫೀಸಿನ ನಂಬರು, ನಿಮ್ಮ ಲೈನ್‌ಮ್ಯಾನ್ ನಂಬರು ಎರಡೂ ಮಳೆಗಾಲಕ್ಕೆ ಮೊದಲೇ ಇಟ್ಕೊಳ್ಳಿ. ಫೋನ್ ಮಾಡುವಾಗ "ನಮ್ಮ ಮನೆ ಹತ್ರ ವೈರು ಬಿದ್ದಿದೆ" ಅಂದ್ರೆ ಅವರಿಗೆ ಏನೂ ಗೊತ್ತಾಗೋದಿಲ್ಲ, ಯಾವ ಟಿಸಿಯಿಂದ (ಟ್ರಾನ್ಸ್ಫಾರ್ಮರಿಂದ) ಬರುವ ಲೈನು, ಕಂಬ ಮುರಿದಿದೆಯಾ ಬರೀ ವೈರು ತುಂಡಾದ್ದಾ, ಮೇಲೆ ಮರ ಉಂಟಾ, ಇಷ್ಟು ಹೇಳಿದ್ರೆ ಅವರು ಬರುವಾಗ ಬೇಕಾದ ಸಾಮಾನು ತಗೊಂಡೇ ಬರ್ತಾರೆ. ಒಂದು ಏರಿಯಾದಿಂದ ಒಬ್ಬರೇ ಫೋನ್ ಮಾಡಿ, ಇಪ್ಪತ್ತು ಜನ ಮಾಡೋದು ಬೇಡ.

ಜನರೇಟರ್ ಇದ್ದವರಿಗೆ ಒಂದು ಮಾತು. ಮೈನ್ ಸ್ವಿಚ್ ಆಫ್ ಮಾಡದೆ ಜನರೇಟರನ್ನು ಮನೆ ವೈರಿಂಗಿಗೆ ಕೊಟ್ರೆ ಆ ಕರೆಂಟು ಹಿಂದಕ್ಕೆ ಲೈನಿಗೆ ಹೋಗಿ ಟಿಸಿಯಲ್ಲಿ ಏರಿ ಕಂಬದ ಮೇಲಿದ್ದ ಲೈನ್‌ಮ್ಯಾನಿಗೆ ಹೊಡೀತದೆ. ಚೇಂಜ್‌ಓವರ್ ಸ್ವಿಚ್ (ಲೈನು, ಜನರೇಟರ್ ಎರಡರಲ್ಲಿ ಒಂದಕ್ಕೆ ಮಾತ್ರ ಮನೆಯನ್ನು ಜೋಡಿಸುವಂಥದ್ದು) ಇಲ್ಲದಿದ್ರೆ ಜನರೇಟರಿಂದ ನೇರ ಒಂದು ಬೋರ್ಡಿಗೆ ಎಳೆದು ಫ್ರಿಜ್ಜು, ಮೊಬೈಲು ಅಷ್ಟೇ ಹಾಕ್ಕೊಳ್ಳಿ. ಜನರೇಟರ್ ಮನೆಯೊಳಗೆ ಬೇಡ, ಹೊಗೆಗೆ ಜೀವ ಹೋಗ್ತದೆ.

ಕೇಬಲ್ ಟಿವಿ, ಇಂಟರ್ನೆಟ್ಟಿನ ವೈರು ಶಾಕ್ ಹೊಡಿಯೋದಿಲ್ಲ ಅಂತ ಎಲ್ಲರಿಗೂ ಧೈರ್ಯ. ಅದು ಮೇಲೆ ಎಲ್ಲೋ ಕರೆಂಟು ಲೈನಿಗೆ ತಾಗಿದ್ರೆ ಹೊಡೀತದೆ. ಮತ್ತೆ ಸಂಜೆ ಹೊತ್ತಿಗೆ ಬೈಕಿನವನ ಕುತ್ತಿಗೆ ಮಟ್ಟಕ್ಕೆ ನೇತಾಡುವುದು ಇದೇ ವೈರು. ಕರೆಂಟಿನವರು ನೋಡಿ ಸರಿ ಅಂದ ಮೇಲೆ ಕೋಲಿಗೊಂದು ಕೆಂಪು ಬಟ್ಟೆ ಕಟ್ಟಿ ನಿಲ್ಸಿ.

ಮುಟ್ಟುವ ಮೊದಲು ಫೋಟೋ

ಇದು ಚಿಕ್ಕ ಕೆಲಸ, ಆದ್ರೆ ಎಲ್ಲರೂ ಬಿಟ್ಟುಬಿಡೋದು ಇದನ್ನೇ. ಪರಿಹಾರಕ್ಕೆ ಅರ್ಜಿ ಹಾಕ್ಲಿಕ್ಕೆ, ಇನ್ಶೂರೆನ್ಸಿಗೆ, ಬಿದ್ದ ಮರ ನೀವು ಕಡಿದದ್ದಲ್ಲ ಗಾಳಿಗೆ ಬಿದ್ದದ್ದು ಅಂತ ತೋರಿಸ್ಲಿಕ್ಕೆ, ಎಲ್ಲಕ್ಕೂ ಫೋಟೋ ಬೇಕು. ದೂರದಿಂದ ಮನೆ ಪೂರ್ತಿ ಕಾಣುವ ಹಾಗೆ ಒಂದು, ಹತ್ರದಿಂದ ಹಾಳಾದ ಜಾಗ ಒಂದು, ನೀರು ಎಲ್ಲಿವರೆಗೆ ಬಂದಿತ್ತು ಅಂತ ಗೋಡೆಯ ಗೆರೆ ಕಾಣುವ ಹಾಗೆ ಇನ್ನೊಂದು. ಜಾಗ, ತಾರೀಕು, ಸಮಯ ಫೋಟೋದ ಮೇಲೆಯೇ ಬರುವ ಆ್ಯಪ್ ಸಿಗ್ತದೆ, ಅದು ಒಳ್ಳೆಯದು. ತೋಟದಲ್ಲಿ ಅಡಿಕೆಮರ ಬಿದ್ದಿದ್ರೆ ಸಾಲು ಸಾಲಾಗಿ ನಡ್ಕೊಂಡು ವೀಡಿಯೋ ಮಾಡಿ, ಎಷ್ಟು ಬಿದ್ದಿದೆ ಅಂತ ಬಾಯಲ್ಲೇ ಎಣಿಸಿ.

ದಾರಿ ಬಿಡಿಸೋದು, ತೋಡು ಬಿಡಿಸೋದು

ಮೊದಲ ದಿನ ಪೂರ್ತಿ ಊರು ಕ್ಲೀನ್ ಮಾಡ್ತೇವೆ ಅಂತ ಹೊರಡ್ಬೇಡಿ. ಮೊದಲ ದಿನ ಎರಡೇ ಕೆಲಸ, ಒಂದು ಆಂಬ್ಯುಲೆನ್ಸ್ ಹೋಗುವಷ್ಟು ದಾರಿ, ಇನ್ನೊಂದು ನೀರು ಹೋಗುವಷ್ಟು ತೋಡು. ಯಾಕಂದ್ರೆ ನಮ್ಮಲ್ಲಿ ಇನ್ನೊಂದು ಮಳೆ ಬರ್ಲಿಕ್ಕೆ ವಾರ ಬೇಡ, ಮಧ್ಯಾಹ್ನ ಊಟ ಆಗುವಷ್ಟರಲ್ಲಿ ಬರ್ತದೆ. ಆಗ ಮಡಲು, ಥರ್ಮಾಕೋಲು, ಬಾಟಲಿ ಸೇರಿ ಮೋರಿ ಬಾಯಿ ಮುಚ್ಚಿದ್ರೆ ಗಾಳಿಯಲ್ಲಿ ಉಳಿದ ಮನೆಗೂ ನೀರು. ಮಂಗಳೂರಿನ ಕೊಟ್ಟಾರ ಚೌಕಿ ಇರ್ಲಿ, ಉಡುಪಿಯಲ್ಲಿ ಇಂದ್ರಾಣಿ ತೋಡಿನ ಬದಿಯ ಕಲ್ಸಂಕ, ಬೈಲಕೆರೆ ಇರ್ಲಿ, ಅಲ್ಲಿಯವರನ್ನು ಕೇಳಿ ನೋಡಿ, ನೀರು ಏರುವ ವೇಗ ಅವರಿಗೆ ಗೊತ್ತು.

ತೋಡು ಬಿಡಿಸುವಾಗ ಕೆಳಗಿಂದ ಮೇಲಕ್ಕೆ ಬನ್ನಿ. ಅಂದ್ರೆ ನೀರು ಹೊರಗೆ ಹೋಗುವ ಬಾಯಿ, ಕೊನೆಯ ಮೋರಿ ಎಲ್ಲಿ ಉಂಟೋ ಅಲ್ಲಿಂದ ಶುರು. ಮೇಲಿನ ಮನೆಯವರು ಹುರುಪಲ್ಲಿ ಮೊದಲೇ ಬಿಡಿಸಿಬಿಟ್ರೆ ಅಷ್ಟೂ ಕಸ ಒಟ್ಟಿಗೆ ಇಳಿದು ಕೆಳಗಿನ ಮೋರಿಗೆ ಬೆಣೆ ಹೊಡೆದ ಹಾಗೆ ಕೂತ್ಕೊಳ್ತದೆ, ಆಮೇಲೆ ಅದನ್ನು ಕೈಯಲ್ಲಿ ತೆಗೀಲಿಕ್ಕೆ ಆಗೋದಿಲ್ಲ. ತೆಗೆದ ಕಸವನ್ನು ತೋಡಿನ ದಂಡೆಯಲ್ಲೇ ಇಡೋದು ನಮ್ಮವರ ಅಭ್ಯಾಸ, ಒಂದು ಮಳೆಗೆ ಅದು ವಾಪಸ್ ತೋಡಿಗೆ. ಎರಡು ಮೂರು ಮೀಟರ್ ಆಚೆ ಹಾಕಿ. ನೀರು ರಭಸದಲ್ಲಿರುವಾಗ ಪೈಪ್ ಮೋರಿಯ ಬಾಯಲ್ಲಿ ಇಳಿದು ನಿಲ್ಲೋದು ಬೇಡ, ಕಟ್ಟಿದ್ದು ಒಮ್ಮೆಲೇ ಬಿಟ್ಟುಕೊಂಡ್ರೆ ಮನುಷ್ಯನನ್ನು ಒಳಗೆ ಎಳೀತದೆ. ಉದ್ದದ ಕೊಕ್ಕೆ ಕಟ್ಟಿದ ದೋಟಿ ಇದ್ರೆ ಮೇಲಿಂದಲೇ ಎಳೀಬಹುದು, ಅಡಿಕೆ ಕೊಯ್ಯುವವರ ಮನೆಯಲ್ಲಿ ಅದು ಇದ್ದೇ ಇರ್ತದೆ.

ಗುಡ್ಡ ಕಡಿದು ಮಾಡಿದ ರಸ್ತೆ, ಹಿಂದೆ ಧರೆ ಇರುವ ಮನೆ, ಇಂಥ ಕಡೆ ಧರೆ ಬುಡದ ಮಣ್ಣನ್ನು ತಕ್ಷಣ ತೆಗೀಲಿಕ್ಕೆ ಹೋಗ್ಬೇಡಿ. ಜಾರಿ ಬಂದ ಆ ಮಣ್ಣೇ ಮೇಲಿನದನ್ನು ಸ್ವಲ್ಪ ಹಿಡಿದಿರ್ತದೆ. ಮೇಲೆ ಬಿರುಕು ಕಂಡ್ರೆ, ಧರೆಯಿಂದ ಕೆಸರು ನೀರು ಬರ್ಲಿಕ್ಕೆ ಶುರುವಾದ್ರೆ ಮನೆ ಖಾಲಿ ಮಾಡಿ, ಜಿಲ್ಲಾ ಕಂಟ್ರೋಲ್ ರೂಮ್ 1077ಕ್ಕೆ ಹೇಳಿ.

ಮರ ಕಡಿಯೋದು, ಇಲ್ಲೇ ಜಾಸ್ತಿ ಜನ ಪೆಟ್ಟು ಮಾಡ್ಕೊಳ್ಳೋದು

ಗಾಳಿಯಲ್ಲಿ ಪೆಟ್ಟಾದವರಷ್ಟೇ ಜನ ಆಮೇಲೆ ಮರ ಕಡಿಯುವಾಗ ಆಸ್ಪತ್ರೆಗೆ ಹೋಗ್ತಾರೋ ಏನೋ ಅಂತ ನನಗೆ ಅನ್ನಿಸೋದುಂಟು. ಈಗ ಮನೆ ಮನೆಯಲ್ಲಿ ಚೈನ್ ಸಾ ಬಂದಿದೆ, ಮೆಷಿನ್ ಇದ್ದವರಿಗೆಲ್ಲ ಮರ ಗೊತ್ತು ಅಂತ ಅಲ್ಲ.

ಬುಡ ಸಮೇತ ಮಗುಚಿದ ಮರ ನೋಡಿ. ಬೇರಿನ ದೊಡ್ಡ ಚಕ್ಕೆ ಮಣ್ಣಿನ ಜೊತೆ ಎದ್ದು ಗೋಡೆ ಥರ ನಿಂತಿರ್ತದೆ, ಅದರ ಹಿಂದೆ ಗುಂಡಿ. ಆ ಬೇರನ್ನು ಹಾಗೆ ಎತ್ತಿ ಹಿಡಿದದ್ದು ಈಚೆ ಮಲಗಿದ ಕಾಂಡದ ಭಾರ. ನೀವು ಕಾಂಡ ಕಡಿದು ಬೇರೆ ಮಾಡಿದ ಕೂಡ್ಲೆ ಆ ಭಾರ ಇಲ್ಲ, ಬುಡ ದಬಕ್ಕನೆ ವಾಪಸ್ ಗುಂಡಿಗೆ ಕೂತ್ಕೊಳ್ತದೆ. ಕೆಲವು ಸಲ ತುಂಡಾದ ಬೊಡ್ಡೆ ನೆಟ್ಟಗೆ ಎದ್ದು ನಿಲ್ತದೆ. ಮೆಷಿನ್ ಹಿಡಿದವನು ಮರ ಮಾತ್ರ ನೋಡ್ತಾನೆ, ಆ ಕಡೆ ಇಣುಕಿ ನೋಡ್ಲಿಕ್ಕೆ ಇನ್ನೊಬ್ಬ ಬೇಕೇ ಬೇಕು. "ಅಣ್ಣ ಸ್ವಲ್ಪ ನಿಲ್ಲಿ, ಗುಂಡಿಯಲ್ಲಿ ಮಕ್ಕಳಿದ್ದಾರೆ, ಆಚೆ ಕಳಿಸಿ ಬರ್ತೇನೆ" ಅಂತ ಕೂಗುವವನು ಇಲ್ಲದೆ ಚೈನ್ ಸಾ ಸ್ಟಾರ್ಟ್ ಆಗಲೇಬಾರದು. ಮಕ್ಕಳಿಗೆ ಮಗುಚಿದ ಮರದ ಗುಂಡಿ ಅಂದ್ರೆ ಎಂಥದೋ ಖುಷಿ, ಎಷ್ಟು ಓಡಿಸಿದ್ರೂ ಅಲ್ಲೇ.

ಕ್ರಮ ಹೀಗೆ: ಮೊದಲು ಕತ್ತಿಯಲ್ಲಿ ಸಣ್ಣ ಗೆಲ್ಲು ಸವರಿ ನಿಲ್ಲಲಿಕ್ಕೆ, ಹಿಂದೆ ಓಡ್ಲಿಕ್ಕೆ ಜಾಗ ಮಾಡಿ. ಆಮೇಲೆ ತುದಿಯಿಂದ ಬುಡದ ಕಡೆಗೆ ತುಂಡು ತುಂಡಾಗಿ ಬನ್ನಿ. ನೆಲಕ್ಕೆ ಒತ್ತಿ ಬಾಗಿದ ಗೆಲ್ಲು ಎಳೆದು ಹಿಡಿದ ಬಿಲ್ಲಿನ ಹಾಗೆ, ಕಡಿದ ಕೂಡ್ಲೆ ಮುಖಕ್ಕೆ ಬರ್ತದೆ, ಅದು ಹಾರುವ ದಿಕ್ಕಲ್ಲಿ ನಿಲ್ಲದೆ ಬದಿಯಿಂದ ಸ್ವಲ್ಪ ಸ್ವಲ್ಪವೇ ಕೊಯ್ಯಿರಿ. ಇನ್ನೊಂದು ಮರಕ್ಕೆ ಒರಗಿ ನಿಂತದ್ದು, ಮಾಡಿನ ಮೇಲೆ ಬಿದ್ದದ್ದು, ವೈರಿನ ಮೇಲೆ ಬಿದ್ದದ್ದು, ಈ ಮೂರು ನಿಮ್ಮ ಕೆಲಸ ಅಲ್ಲ. ಅಗ್ನಿಶಾಮಕದವರು, ಮೆಸ್ಕಾಂನವರು, ಇಲ್ಲ ಮರದ ಕೆಲಸವೇ ಕಸುಬಾದವರು ಬರ್ಲಿ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಶೌರ್ಯ ವಿಪತ್ತು ಘಟಕದವರು ಸುಮಾರು ಊರಲ್ಲಿ ಇದ್ದಾರೆ, ಟ್ರೈನಿಂಗ್ ಆದವರು, ನಿಮ್ಮ ಊರಲ್ಲಿ ಯಾರು ಅಂತ ಮೊದಲೇ ವಿಚಾರಿಸಿಟ್ಕೊಳ್ಳಿ.

ಕಾನೂನು ವಿಷಯ. 1976ರ ಕರ್ನಾಟಕ ಮರ ಸಂರಕ್ಷಣಾ ಕಾಯ್ದೆ ಪ್ರಕಾರ ನಮ್ಮ ಜಾಗದ ಮರ ಆದ್ರೂ ಕಡೀಲಿಕ್ಕೆ ಅರಣ್ಯ ಇಲಾಖೆ ಒಪ್ಪಿಗೆ ಬೇಕು, ತೆಂಗು, ರಬ್ಬರು, ಗಾಳಿಮರ, ಸಿಲ್ವರ್ ಓಕ್ ಅಂಥ ಕೆಲವಕ್ಕೆ ಮಾತ್ರ ಬೇಡ. ಗಾಳಿಗೆ ಬಿದ್ದ ಹಲಸು, ಮಾವನ್ನು ದಾರಿಗೆ ಅಡ್ಡ ಅಂತ ಕಡಿಯುವ ಮೊದಲು ಫೋಟೋ ತೆಗೆದು ಫಾರೆಸ್ಟಿನವರಿಗೆ ಒಂದು ಫೋನ್ ಮಾಡಿ, ರಗಳೆ ಬೇಡ. ಸಾಗುವಾನಿ, ಬೀಟೆ, ಗಂಧ ಬಿದ್ದಿದ್ರೆ ಅವರು ಬರುವ ತನಕ ಮುಟ್ಟಲೇಬೇಡಿ. ರಸ್ತೆ ಬದಿಯ ಮರ ಸರ್ಕಾರದ್ದು, ದಾರಿ ಬಿಡಿಸ್ಲಿಕ್ಕೆ ತುಂಡು ಮಾಡಿ ಬದಿಗೆ ಸರಿಸ್ಬಹುದು, ಪಿಕಪ್ಪಲ್ಲಿ ಹಾಕ್ಕೊಂಡು ಮನೆಗೆ ಒಯ್ಯುವ ಹಾಗಿಲ್ಲ. ಮತ್ತೆ ನಾಗಬನದ ಮರ ಬಿದ್ದಿದ್ರೆ ಊರಲ್ಲಿ ಯಾರೂ ಕತ್ತಿ ಹಾಕೋದಿಲ್ಲ, ಬನದ ಮನೆಯವರನ್ನೂ ಪೂಜೆಯವರನ್ನೂ ಕೇಳಿಯೇ ಮುಂದಿನ ಮಾತು, ಹೊರಗಿಂದ ಸಹಾಯಕ್ಕೆ ಬಂದ ಹುಡುಗರಿಗೆ ಇದನ್ನು ಮೊದಲೇ ಹೇಳಿಬಿಡಿ, ಒಳ್ಳೆ ಕೆಲಸಕ್ಕೆ ಬಂದು ಜಗಳ ಆಗೋದು ಬೇಡ.

ರಾಶಿ ಹಾಕುವ ಲೆಕ್ಕ

ಎರಡನೇ ದಿನಕ್ಕೆ ರಾಶಿ ಎಲ್ಲಿ ಅಂತ ತೀರ್ಮಾನ ಆಗ್ಬೇಕು. ಟಿಪ್ಪರ್ ಬಂದು ತಿರುಗಿಸುವಷ್ಟು ಜಾಗ ಇರ್ಬೇಕು, ಮೇಲೆ ಲೈನು ಇರ್ಬಾರ್ದು, ಬಾವಿ ತೋಡು ಹತ್ರ ಇರ್ಬಾರ್ದು. ಶಾಲೆ ಗ್ರೌಂಡು ಎಲ್ಲರಿಗೂ ಮೊದಲು ನೆನಪಾಗ್ತದೆ, ಅದು ಬೇಡ, ಎರಡು ದಿನ ರಜೆ ಕೊಟ್ಟು ಮೂರನೇ ದಿನ ಮಕ್ಕಳು ಬರ್ತಾರೆ, ರಾಶಿಯೊಳಗೆ ಹಾವು ಸೇರಿರ್ತದೆ. ಪಂಚಾಯತ್ ಅಥವಾ ವಾರ್ಡಿನವರನ್ನು ಕೇಳಿಯೇ ಜಾಗ ಗುರ್ತು ಮಾಡಿ, ಗಾಡಿ ಯಾವತ್ತು ಬರ್ತದೆ ಅಂತ ಆಗಲೇ ಬಾಯಿ ಬಿಡಿಸಿ.

ಸೊಪ್ಪು, ತರಗೆಲೆ, ಅಡಿಕೆ ಸೋಗೆ ಒಂದು ಕಡೆ. ಇದಕ್ಕೆ ಗಾಡಿಯೇ ಬೇಡ, ಹಟ್ಟಿ ಇದ್ದವರ ಮನೆಗೆ, ತೋಟದ ಬುಡಕ್ಕೆ, ಗೊಬ್ಬರದ ಗುಂಡಿಗೆ ಹೋಗ್ತದೆ. ತೆಂಗಿನ ಮಡಲು ಹೆಂಗಸರ ಸಂಘದವರು ಕಡ್ಡಿ ತೆಗೆದು ಹಿಡಿಸೂಡಿ ಮಾಡ್ಲಿಕ್ಕೆ ಒಯ್ಯುವ ಊರು ಈಗಲೂ ಉಂಟು. ಬೆಂಕಿ ಹಾಕ್ಬೇಡಿ, ಹಸಿ ಸೊಪ್ಪು ಉರಿಯೋದಿಲ್ಲ, ಹೊಗೆ ಮಾತ್ರ, ಅದನ್ನು ಉರಿಸ್ಲಿಕ್ಕೆ ಅಂತ ಟಯರು, ಪ್ಲಾಸ್ಟಿಕ್ ಹಾಕುವವರು ಇದ್ದಾರೆ, ಪಕ್ಕದ ಮನೆಯ ಅಜ್ಜನಿಗೆ ದಮ್ಮು ಇದ್ರೆ ರಾತ್ರಿಯಿಡೀ ಕೂತಿರ್ಬೇಕು ಪಾಪ.

ಮರದ ತುಂಡು ಬೇರೆ. ಇದರಲ್ಲಿ ತೆಂಗಿನ ಬೊಡ್ಡೆಯ ಬಗ್ಗೆ ಸ್ವಲ್ಪ ಜಾಸ್ತಿ ಹೇಳ್ಬೇಕು, ಯಾಕಂದ್ರೆ ತೋಟದವರೇ ಇದನ್ನು ಉದಾಸೀನ ಮಾಡ್ತಾರೆ. ಬಿದ್ದ ತೆಂಗು ಅಲ್ಲೇ ಕೊಳೀಲಿ ಅಂತ ಬಿಟ್ರೆ ಆ ಕೊಳೆತ ಬೊಡ್ಡೆಯೊಳಗೆ ಕುರುವಾಯಿ ದುಂಬಿ ಮೊಟ್ಟೆ ಇಡ್ತದೆ, ಹುಳು ಅಲ್ಲೇ ಬೆಳೆದು ದುಂಬಿಯಾಗಿ ಹೊರಗೆ ಬಂದು ಗಾಳಿಯಲ್ಲಿ ಉಳಿದ ಮರಗಳ ಸುಳಿ ಕೊರೀತದೆ, ಆ ತೂತಿನ ಹತ್ರ ಕೆಂಪು ಮೂತಿ ಹುಳು ಬರ್ತದೆ, ಅದು ಹೊಕ್ಕ ಮರ ಉಳಿಯೋದು ಕಷ್ಟ. ಹಾಗಾಗಿ ಬೊಡ್ಡೆಯನ್ನು ತಿಂಗಳುಗಟ್ಟಲೆ ಬಿಡದೆ ಸೀಳಿ ಒಣಗಿಸಿ ಸೌದೆ ಮಾಡಿ, ಬಲಿತ ಮರ ಆದ್ರೆ ಮಿಲ್ಲಿಗೆ ಕೊಟ್ಟು ಪಕ್ಕಾಸು ರೀಪು ಕೊಯ್ಸಿ, ಮಾಡು ರಿಪೇರಿಗೆ ಅದೇ ಆಗ್ತದೆ. ತೋಡಿಗೆ ಸಂಕ ಹಾಕುವವರು ಇದ್ರೆ ಉದ್ದಕ್ಕೇ ಕೊಡಿ.

ಹೆಂಚು ಮತ್ತೆ ಕಲ್ಲು. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಲ್ಲಿ ಹೆಂಚಿನ ಫ್ಯಾಕ್ಟರಿ ಶುರು ಮಾಡಿದ ಮೇಲೆ ಈ ಕಡೆ ಮಾಡೆಲ್ಲ ಕೆಂಪಾದದ್ದು, ಈಗ ಫ್ಯಾಕ್ಟರಿಗಳು ಮುಚ್ತಾ ಬಂದು ಹಳೆ ಅಳತೆಯ ಹೆಂಚು ಹುಡುಕಿದ್ರೂ ಸಿಗೋದು ಕಷ್ಟ. ಆದ್ದರಿಂದ ಒಡೆಯದ ಒಂದೊಂದು ಹೆಂಚನ್ನೂ ಆರಿಸಿ ನಿಲ್ಸಿ ಜೋಡಿಸಿಡಿ, ಹಾರೆ ಹಾಕಿ ಬಳೀಬೇಡಿ. ಒಡೆದದ್ದು ಕೆಸರು ದಾರಿಗೆ ಹಾಕ್ಲಿಕ್ಕೆ ಆಗ್ತದೆ. ಗೋಡೆ ಬಿದ್ದ ಮುರಕಲ್ಲು ಚೆನ್ನಾಗಿದ್ರೆ ಅದಕ್ಕೂ ಬೆಲೆ ಉಂಟು. ಕಟ್ಟಡದ ಅವಶೇಷಕ್ಕೆ 2016ರಿಂದ ಬೇರೆಯೇ ನಿಯಮ ಇದೆ, ಮನೆ ಕಸದ ಗಾಡಿಗೆ ಹಾಕಿದ್ರೆ ಅವರು ತಗೊಳ್ಳೋದಿಲ್ಲ, ತಗೊಳ್ಳೋದು ಸರಿಯೂ ಅಲ್ಲ.

ತಗಡು, ಕಬ್ಬಿಣ, ಮುರಿದ ಗೇಟು ಗುಜರಿಗೆ. ಪ್ಲಾಸ್ಟಿಕ್ ತೊಳೆದು ಒಣಗಿಸಿದ್ರೆ ಮಾತ್ರ ಒಣಕಸದವರಿಗೆ ಆಗ್ತದೆ. ಉಡುಪಿ ಜಿಲ್ಲೆಯಲ್ಲಿ ವಂಡ್ಸೆ ಪಂಚಾಯತಿನ ಎಸ್‌ಎಲ್‌ಆರ್‌ಎಂ ಕಸ ವಿಲೇವಾರಿ ಘಟಕ ನೋಡಿ ಸುಮಾರು ಪಂಚಾಯತಿನವರು ಕಲಿತದ್ದು, ಕಾರ್ಕಳದ ನಿಟ್ಟೆಯಲ್ಲಿ ಒಣಕಸ ವಿಂಗಡಿಸುವ ದೊಡ್ಡ ಎಂಆರ್‌ಎಫ್ ಘಟಕ ಉಂಟು, ಆದ್ರೆ ಕೆಸರು ಮೆತ್ತಿದ ಪ್ಲಾಸ್ಟಿಕ್ ತಗೊಂಡು ಯಾರೂ ಏನೂ ಮಾಡ್ಲಿಕ್ಕೆ ಆಗೋದಿಲ್ಲ. ನೀರು ಕುಡಿದ ಹಾಸಿಗೆ ಬೇರೆ ಇಡಿ, ಅದಕ್ಕೆ ಪಂಚಾಯತ್ ಗಾಡಿಯೇ ಗತಿ.

ಟ್ಯೂಬ್‌ಲೈಟು, ಬ್ಯಾಟರಿ, ಪೇಂಟಿನ ಡಬ್ಬ, ತೋಟದ ಮದ್ದಿನ ಬಾಟಲಿ, ಇವನ್ನು ಒಂದು ಪ್ಲಾಸ್ಟಿಕ್ ಬಕೆಟಿಗೆ ಹಾಕಿ ಮುಚ್ಚಿ, ಮೇಲೆ ಬರೆದಿಡಿ. ಹಳೆ ಸಿಮೆಂಟ್ ಶೀಟು, ಅಂದ್ರೆ ಆಸ್ಬೆಸ್ಟಾಸ್, ಒಣಗಿದ್ದಾಗ ಒಡೆದ್ರೆ ಅದರ ಧೂಳು ಶ್ವಾಸಕೋಶಕ್ಕೆ ಹೋಗಿ ವರ್ಷಗಳ ಮೇಲೆ ಕಾಯಿಲೆ ತರ್ತದೆ. ನೀರು ಹಾಕಿ ಒದ್ದೆ ಮಾಡಿ, ಮಾಸ್ಕ್ ಹಾಕಿ, ಆದಷ್ಟು ತುಂಡು ಮಾಡದೆ ಎತ್ತಿ ಟರ್ಪಾಲಲ್ಲಿ ಸುತ್ತಿಡಿ.

ಬೆರಕೆ ಮಾಡಿ ಕಳಿಸಿದ್ರೆ ಎಲ್ಲಿಗೆ ಹೋಗ್ತದೆ ಅಂತ ಕೇಳ್ತೀರಾ, ಮಂಗಳೂರಾದ್ರೆ ಪಚ್ಚನಾಡಿಯ ಕಸದ ಯಾರ್ಡಿಗೆ. 2019ರ ಆಗಸ್ಟಲ್ಲಿ ಮಳೆಗೆ ಆ ಕಸದ ಗುಡ್ಡವೇ ಜಾರಿ ಕೆಳಗಿನ ಮಂದಾರದ ಅಡಿಕೆ ತೋಟ, ಮನೆಗಳ ಮೇಲೆ ಬಂತು. ಅಲ್ಲಿಯ ಜನ ಮನೆ ಬಿಟ್ಟು ಹೋಗ್ಬೇಕಾಯ್ತು. ನಮ್ಮ ಕಣ್ಣಿಂದ ಮರೆ ಆದ್ರೆ ಸಾಕು ಅಂತ ಕಳಿಸಿದ್ದು ಇನ್ನೊಬ್ಬರ ತೋಟಕ್ಕೆ ಹೋಗಿ ಬಿತ್ತು.

ಮಾಡು ಹತ್ತುವ ಮೊದಲು

ಮೊದಲು ಟರ್ಪಾಲು, ರಿಪೇರಿ ಆಮೇಲೆ. ಮಳೆ ನಿಂತು ಒಂದು ಬಿಸಿಲು ಬೀಳದೆ ಹೆಂಚಿನ ಮೇಲೆ ಹತ್ಬೇಡಿ, ಹಾವಸೆ ಜಾರ್ತದೆ. ಸಿಮೆಂಟ್ ಶೀಟಿನ ಮೇಲಂತೂ ಕಾಲೇ ಇಡ್ಬೇಡಿ, ಹಲಗೆ ಹಾಕಿ ಅದರ ಮೇಲೆ, ಶೀಟು ಒಡೆದು ಕೆಳಗೆ ಬಿದ್ದು ಸೊಂಟ ಮುರ್ಕೊಂಡವರು ಎಲ್ಲ ಊರಲ್ಲೂ ಒಬ್ಬರಾದ್ರೂ ಇರ್ತಾರೆ.

ಮನೆಯೊಳಗೆ ಕೆಸರು

ಕೆಸರನ್ನು ಒದ್ದೆ ಇರುವಾಗಲೇ ತೆಗೀಬೇಕು, ಒಣಗಿದ್ರೆ ಎರಡು ಪಟ್ಟು ಕೆಲಸ. ನೀರು ಸ್ವಿಚ್‌ಬೋರ್ಡಿನವರೆಗೆ ಬಂದಿದ್ರೆ ಇಲೆಕ್ಟ್ರಿಷಿಯನ್ ನೋಡುವ ತನಕ ಎಂಸಿಬಿ ಹಾಕ್ಬೇಡಿ, ಫ್ರಿಜ್ಜು ಮೋಟರ್ ಕೂಡ ಹಾಗೇ. ಗ್ಯಾಸ್ ಸಿಲಿಂಡರ್ ತೇಲಿ ಮಗುಚಿದ್ರೆ ರೆಗ್ಯುಲೇಟರ್ ತೆಗೆದು ಹೊರಗಿಡಿ. ರೇಷನ್ ಕಾರ್ಡು, ಆರ್‌ಟಿಸಿ ಎಲ್ಲ ಒದ್ದೆಯಾಗಿದ್ರೆ ಬಿಸಿಲಿಗೂ ಒಲೆ ಹತ್ರಕ್ಕೂ ಹಾಕದೆ ಫ್ಯಾನಿನ ಗಾಳಿಯಲ್ಲಿ ಪೇಪರ್ ಮೇಲೆ ಒಂದೊಂದಾಗಿ ಹರಡಿ.

ಕಪಾಟು, ಪೆಟ್ಟಿಗೆ ಸರಿಸುವಾಗ ಕೈ ಹಾಕುವ ಮೊದಲು ಕೋಲು ಹಾಕಿ. ನೆರೆ ಇಳಿದ ಮೇಲೆ ಸರ್ಪ, ಕನ್ನಡಿ ಹಾವು ಒಣ ಜಾಗ ಹುಡ್ಕಿ ಮನೆಯೊಳಗೇ ಬರ್ತದೆ. ಕಚ್ಚಿದ್ರೆ ಕಟ್ಟೋದು ಕೊಯ್ಯೋದು ಯಾವುದೂ ಬೇಡ, ಕಾಲು ಅಲ್ಲಾಡಿಸದೆ ಸೀದಾ ಆಸ್ಪತ್ರೆಗೆ.

ಬಾವಿ

ನಮ್ಮಲ್ಲಿ ಮನೆಗೊಂದು ಬಾವಿ. ನೆರೆ ನೀರು ಬಾವಿಗೆ ಇಳಿದಿದ್ರೆ ಅದು ಹಟ್ಟಿಯ ನೀರು, ಕಕ್ಕಸು ಗುಂಡಿಯ ನೀರು ಎಲ್ಲ ಸೇರಿದ್ದು, ಕಣ್ಣಿಗೆ ತಿಳಿ ಕಂಡ್ರೂ ಕುಡೀಲಿಕ್ಕಿಲ್ಲ. ಮೊದಲು ತೇಲುವ ಕಸ ತೆಗೆದು ಪಂಪಿನಲ್ಲಿ ನಿಧಾನ ನೀರು ಖಾಲಿ ಮಾಡಿ, ಒಮ್ಮೆಲೇ ಪೂರ್ತಿ ಖಾಲಿ ಮಾಡಿದ್ರೆ ಸುತ್ತ ನೆಲ ನೀರು ತುಂಬಿ ಭಾರ ಆಗಿರ್ತದೆ, ಬಾವಿ ಕುಸೀತದೆ. ಡೀಸೆಲ್ ಪಂಪನ್ನು ಬಾವಿಯೊಳಗೆ ಇಳಿಸ್ಬೇಡಿ, ಮನುಷ್ಯರೂ ಇಳೀಬೇಡಿ, ಒಳಗೆ ಉಸಿರು ಕಟ್ಟುವ ಗ್ಯಾಸ್ ಇರ್ಬಹುದು, ಮೊದಲು ಇಳಿದವನನ್ನು ತೆಗೀಲಿಕ್ಕೆ ಇಳಿದ ಎರಡನೆಯವನೂ ಹೋದ ಸುದ್ದಿ ಓದ್ತಾನೇ ಇರ್ತೇವೆ.

ಮತ್ತೆ ಬ್ಲೀಚಿಂಗ್ ಪೌಡರ್. ಎರಡು ಮುಷ್ಟಿ ಹಾಕಿಬಿಡೋದಲ್ಲ, ಲೆಕ್ಕ ಉಂಟು. ಬಾವಿಯ ಅಗಲ ಮೀಟರಲ್ಲಿ ಅಳೆದು ಅದನ್ನು ಅದರಿಂದಲೇ ಗುಣಿಸಿ, ನೀರಿನ ಆಳದಿಂದ ಗುಣಿಸಿ, ಆಮೇಲೆ 785ರಿಂದ ಗುಣಿಸಿ, ಬಂದದ್ದು ಲೀಟರ್. ಅಂದ್ರೆ 3 ಮೀಟರ್ ಅಗಲ, 4 ಮೀಟರ್ ನೀರು ಇರುವ ದುಂಡು ಬಾವಿಯಲ್ಲಿ ಸುಮಾರು 28,000 ಲೀಟರ್. ಸಾವಿರ ಲೀಟರಿಗೆ 2.5 ಗ್ರಾಂ ಒಳ್ಳೆ ಪೌಡರ್ ಅಂತ ಲೆಕ್ಕ, ಅಂದ್ರೆ 70 ಗ್ರಾಂ. ಇದು ಮಾಮೂಲಿ ಬಾವಿಗೆ, ನೆರೆ ಹೊಕ್ಕ ಬಾವಿಗೆ ಜಾಸ್ತಿ ಬೇಕಾಗ್ತದೆ, ಎಷ್ಟು ಅಂತ ಆರೋಗ್ಯ ಇಲಾಖೆಯವರು, ಆಶಾ ಕಾರ್ಯಕರ್ತೆಯರು ಬಂದಾಗ ನಿಮ್ಮ ಬಾವಿಯ ಲೀಟರ್ ಹೇಳಿ ಕೇಳಿ. ಪೌಡರನ್ನು ಬಕೆಟಲ್ಲಿ ಸ್ವಲ್ಪ ನೀರು ಹಾಕಿ ಪೇಸ್ಟ್ ಮಾಡಿ, ಆಮೇಲೆ ಮುಕ್ಕಾಲು ಬಕೆಟ್ ನೀರು ತುಂಬಿಸಿ ಕಲಸಿ ಹತ್ತು ನಿಮಿಷ ಬಿಡಿ. ಅಡಿಗೆ ಸುಣ್ಣ ಕೂತ್ಕೊಳ್ತದೆ, ಅದು ಬಾವಿಗೆ ಬೇಡ. ಮೇಲಿನ ತಿಳಿಯನ್ನು ಇನ್ನೊಂದು ಬಕೆಟಿಗೆ ಬಗ್ಗಿಸಿ ಹಗ್ಗದಲ್ಲಿ ನೀರಿನೊಳಗೆ ಇಳಿಸಿ ಮೇಲೆ ಕೆಳಗೆ ಎಳೆದು ಕದಡಿ. ಕನಿಷ್ಠ ಒಂದು ಗಂಟೆ ಮುಟ್ಬೇಡಿ, ರಾತ್ರಿ ಹಾಕಿ ಬೆಳಿಗ್ಗೆ ಸೇದೋದು ಇನ್ನೂ ಒಳ್ಳೆಯದು. ನೀರು ಟೆಸ್ಟ್ ಆಗಿ ಸರಿ ಉಂಟು ಅಂತ ಬರುವ ತನಕ ಕುದಿಸಿಯೇ ಕುಡೀರಿ.

ಕಡಲ ಬದಿಯವರಿಗೆ

ಮಲ್ಪೆ, ಪಡುಕೆರೆ, ಸೋಮೇಶ್ವರ ಕಡೆ ಕಡಲು ತಾನು ತಿಂದದ್ದನ್ನೆಲ್ಲ ವಾಪಸ್ ಕಕ್ತದೆ. ಇಳಿತದ ಹೊತ್ತಿಗೆ ಹೆಕ್ಕಿ, ಭರತದ ಗೆರೆಗಿಂತ ಮೇಲೆ ತಂದು ಹಾಕಿ, ಇಲ್ಲದಿದ್ರೆ ಸಂಜೆಗೆ ಮತ್ತೆ ನೀರಲ್ಲಿ. ಮರಳಲ್ಲಿ ಹೂತ ಬಲೆಯನ್ನು ಎಳೀಬೇಡಿ, ನಡು ಹೋಗ್ತದೆ, ಕೊಯ್ದು ತುಂಡಾಗಿ ತೆಗೀರಿ. ರಸ್ತೆಗೆ ಬಂದ ಮರಳು ಬೀಚಿಗೇ ವಾಪಸ್, ಟಿಪ್ಪರಿಗೆ ತುಂಬಿಸ್ಲಿಕ್ಕಲ್ಲ. ಗುರ್ತು ಇಲ್ಲದ ಡ್ರಮ್ಮು, ಕಂಟೈನರ್ ಕಂಡ್ರೆ ಹತ್ರ ಹೋಗದೆ 112ಕ್ಕೆ ಹೇಳಿ, 2025ರ ಮೇಯಲ್ಲಿ ಕೊಚ್ಚಿ ಹೊರಗೆ ಎಂಎಸ್‌ಸಿ ಎಲ್ಸಾ 3 ಹಡಗು ಮುಳುಗಿ ಕೇರಳದ ತೀರಕ್ಕೆ ಕಂಟೈನರು, ಪ್ಲಾಸ್ಟಿಕ್ ಕಾಳು ಬಂದದ್ದು ನೆನಪಿರ್ಲಿ. ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧಕ್ಕೆ ಯಾಂತ್ರಿಕ ಬೋಟುಗಳು ದಡದಲ್ಲೇ ಇರೋದರಿಂದ ಆಗ ಬೋಟಿನ ಹುಡುಗರು ಊರಲ್ಲಿದ್ರೆ ಅವರ ಹತ್ರ ಹಗ್ಗದ ಕೆಲಸ ಮಾಡಿಸಿ, ಅವರು ಹಾಕಿದ ಗಂಟು ಬಿಚ್ಚಿ ಹೋಗೋದಿಲ್ಲ.

ಜ್ವರ ಬಂದ್ರೆ

ಕೆಸರಲ್ಲಿ ಬರಿಗಾಲಲ್ಲಿ ಕೆಲಸ ಮಾಡಿದವರಿಗೆ ಇಲಿ ಜ್ವರದ ಹೆದರಿಕೆ ಉಂಟು, ಈ ಎರಡೂ ಜಿಲ್ಲೆಯಲ್ಲಿ ಅದು ಮಾಮೂಲಿ. ಗಮ್‌ಬೂಟು ಹಾಕಿ, ಗಾಯ ಇದ್ರೆ ಮುಚ್ಚಿ. ಕೆಸರಿಗೆ ಇಳಿಯುವವರಿಗೆ ಮೊದಲೇ ತಗೊಳ್ಳುವ ಮಾತ್ರೆ ಉಂಟು, ಅದನ್ನು ಆರೋಗ್ಯ ಕೇಂದ್ರದ ಡಾಕ್ಟರನ್ನು ಕೇಳಿ ತಗೊಳ್ಳಿ, ಮೆಡಿಕಲ್ಲಿಂದ ನೀವೇ ತರ್ಬೇಡಿ. ಒಂದೆರಡು ವಾರದಲ್ಲಿ ಜ್ವರ, ಮೀನಖಂಡ ನೋವು, ಕಣ್ಣು ಕೆಂಪು ಬಂದ್ರೆ "ಕ್ಲೀನಿಂಗ್ ಕೆಲಸಕ್ಕೆ ಹೋಗಿದ್ದೆ" ಅಂತ ಡಾಕ್ಟರಿಗೆ ಬಾಯಿ ಬಿಟ್ಟು ಹೇಳಿ, ಅದು ಗೊತ್ತಾದ್ರೆ ಅವರು ಹುಡುಕುವ ದಾರಿಯೇ ಬೇರೆ.

ಮನೆ ಮೇಲೆ ಕಟ್ಟಿದ ಟರ್ಪಾಲಿನ ಮಡಿಕೆಯಲ್ಲಿ ನಿಂತ ನೀರು, ಸಿಯಾಳದ ಚಿಪ್ಪು, ಅಡಿಕೆ ಹಾಳೆ, ರಾಶಿ ಹಾಕಿದ ಹೆಂಚಿನ ಸಂದು, ಎಲ್ಲದರಲ್ಲೂ ಸೊಳ್ಳೆ. ಮೊಟ್ಟೆಯಿಂದ ಸೊಳ್ಳೆ ಆಗ್ಲಿಕ್ಕೆ ಒಂದು ವಾರ ಹತ್ತು ದಿನ ಸಾಕು, ಹಾಗಾಗಿ ವಾರಕ್ಕೊಮ್ಮೆ ಎಲ್ಲ ಕವುಚಿ ಹಾಕುವ ಕೆಲಸ ಮಕ್ಕಳಿಗೆ ಕೊಡಿ.

ಜನ, ಖರ್ಚು, ಪರಿಹಾರ

ಯಾರ ಮನೆ ಮೊದಲು ಅನ್ನೋದು ಜಗಳದ ಮೂಲ. ನನ್ನ ಪ್ರಕಾರ ವಯಸ್ಸಾದವರು ಮಾತ್ರ ಇರುವ ಮನೆ ಮೊದಲು, ನಮ್ಮ ಕಡೆ ಮಕ್ಕಳೆಲ್ಲ ಗಲ್ಫಲ್ಲಿ, ಬೊಂಬಾಯಲ್ಲಿ, ಬೆಂಗಳೂರಲ್ಲಿ, ಇಲ್ಲಿ ಅಜ್ಜ ಅಜ್ಜಿ ಎರಡೇ ಜನ ಇರುವ ಮನೆ ಎಷ್ಟು ಬೇಕು. ಯುವಕ ಮಂಡಲ, ಭಜನಾ ಮಂದಿರ, ಚರ್ಚು, ಮಸೀದಿ, ಸ್ತ್ರೀಶಕ್ತಿ ಸಂಘ ಎಲ್ಲದರ ಒಬ್ಬೊಬ್ಬರು ಸೇರಿ ಒಂದೇ ವಾಟ್ಸಾಪ್ ಗ್ರೂಪ್ ಮಾಡಿ. ಶಾಲು ಹಾಕ್ಕೊಂಡು, ಬ್ಯಾನರ್ ಹಿಡ್ಕೊಂಡು ಬರುವವರಿಗೆ ಮೊದಲು ಒಂದು ಬುಟ್ಟಿ ಕೊಡಿ, ಫೋಟೋ ಆಮೇಲೆ. ಮಂಗಳೂರಲ್ಲಿ ರಾಮಕೃಷ್ಣ ಮಠದವರು 2015ರಿಂದ ಭಾನುವಾರದ ಶ್ರಮದಾನ ನಡೆಸಿ ತೋರಿಸಿದ್ದಾರೆ, ಒಂದೇ ಹೊತ್ತಿಗೆ ಶುರು ಮಾಡಿ ಒಂದೇ ಹೊತ್ತಿಗೆ ಮುಗಿಸಿದ್ರೆ ಜನ ಮುಂದಿನ ವಾರವೂ ಬರ್ತಾರೆ. ಗಂಜಿ, ಉಪ್ಪಿನಕಾಯಿ, ಚಾ ಇದ್ರೆ ಇನ್ನೂ ಬರ್ತಾರೆ. ಜೆಸಿಬಿ, ಚೈನ್ ಸಾ ಪೆಟ್ರೋಲು, ಪಿಕಪ್ ಬಾಡಿಗೆ ಒಂದು ಪುಸ್ತಕದಲ್ಲಿ ಬರೆದು ಅವತ್ತೇ ಗ್ರೂಪಿಗೆ ಹಾಕಿಬಿಡಿ.

ಪರಿಹಾರಕ್ಕೆ ಗ್ರಾಮ ಆಡಳಿತ ಅಧಿಕಾರಿ, ನಾವೆಲ್ಲ ಈಗಲೂ ವಿಎ ಅನ್ನೋದು, ಅವರಿಗೆ ಮೊದಲು ತಿಳಿಸಿ. ಆಧಾರ್, ಬ್ಯಾಂಕ್ ಪಾಸ್‌ಬುಕ್, ಆರ್‌ಟಿಸಿ ಅಥವಾ ಮನೆ ತೆರಿಗೆ ರಶೀದಿ, ಫೋಟೋ ಜೋಡಿಸಿಡಿ. ಮನೆ ಹಾನಿಯಾದ್ರೆ ಅವರು ಬಂದು ಮಹಜರು ಮಾಡುವ ಮೊದಲು ಗೋಡೆ ಪೂರ್ತಿ ಕೆಡವಿ ಸ್ವಚ್ಛ ಮಾಡಿಬಿಡ್ಬೇಡಿ, ಅಪಾಯ ಇರುವ ಭಾಗ ಮಾತ್ರ ತೆಗೀರಿ. ಬೆಳೆ ಪರಿಹಾರಕ್ಕೆ ಶೇಕಡ 33ಕ್ಕಿಂತ ಕಡಿಮೆ ನಷ್ಟ ಆದ್ರೆ ವಿಪತ್ತು ನಿಧಿಯ ನಿಯಮದಲ್ಲಿ ಸಿಗೋದಿಲ್ಲ, ಹಾಗಾಗಿ ಎಣಿಸಿ ವೀಡಿಯೋ ಮಾಡಿ ಅಂತ ಮೇಲೆ ಹೇಳಿದ್ದು. ದನ ಸತ್ತಿದ್ರೆ ಹೂಳುವ ಮೊದಲು ಪಶುವೈದ್ಯರ ಸರ್ಟಿಫಿಕೇಟ್ ಮಾಡಿಸ್ಕೊಳ್ಳಿ, ಆಮೇಲೆ ಬಾವಿ ತೋಡಿನಿಂದ ದೂರ ಆಳವಾಗಿ ಗುಂಡಿ ತೋಡಿ ಸುಣ್ಣ ಹಾಕಿ ಮುಚ್ಚಿ. ಅರ್ಜಿ ಕೊಟ್ಟದ್ದಕ್ಕೆ ಸ್ವೀಕೃತಿ ಕೇಳಿ ತಗೊಳ್ಳಿ, "ಆಯ್ತು ನೋಡುವ" ಅಂದದ್ದು ದಾಖಲೆ ಅಲ್ಲ.

ಕೊನೆಗೆ ಮರ ಮಗುಚಿದ ಗುಂಡಿಗಳು ಉಳೀತಾವೆ. ರಸ್ತೆ ಬದಿಯದ್ದಾದ್ರೆ ನೀರು ತುಂಬಿ ರಾತ್ರಿ ಬೈಕಿನವರಿಗೆ ಕಾಣೋದಿಲ್ಲ, ಅಂಗಳದ್ದಾದ್ರೆ ಮಕ್ಕಳು ಬೀಳ್ತಾರೆ. ಗಾಡಿ ಬಂದು ಹೋಗುವ ದಿನವೇ ಒಡೆದ ಹೆಂಚು, ಕಲ್ಲು, ಮಣ್ಣು ಹಾಕಿ ಅದನ್ನು ಮುಚ್ಚಿಸಿ, ನೆಲ ಕೂತ್ಕೊಳ್ತದೆ ಅಂತ ಒಂದಡಿ ಜಾಸ್ತಿಯೇ ಹಾಕಿಸಿ.